ಅಂಗಳದ ಗೆರೆ, ಹಸೆಗೋಡೆಯ ಎಳೆ

ಬೆಳಗಿನ ಏಳೂವರೆ. ಅಡಿಕೆ ತೋಟದ ಮೇಲೆ ಕೂತ ಮಂಜು ಇನ್ನೂ ಏಳುವ ಮನಸ್ಸು ಮಾಡಿಲ್ಲ. ಊರಾಚೆ, ಗುಡ್ಡದ ಒಂದು ಮಗ್ಗುಲನ್ನು ಜೆಸಿಬಿ ಕಡಿದು ಸಮ ಮಾಡಿದ ಜಾಗದಲ್ಲಿ ಹೊಸ ಒಳಾಂಗಣ ಕ್ರೀಡಾಂಗಣ ನಿಂತಿದೆ. ನೀಲಿ ತಗಡಿನ ಮಾಡು, ಎತ್ತರದ ಸಿಮೆಂಟು ಗೋಡೆ, ಮುಂದೆ ಜಂಬಿಟ್ಟಿಗೆ ಕಲ್ಲಿನ ಮೊಗಸಾಲೆ. ಬೆನ್ನಿಗೆ ಕಡಿದ ಗುಡ್ಡ, ಹಸಿ ಗಾಯದಂತೆ ಕೆಂಪಗೆ. ಒಳಗೆ ಕಾಲಿಟ್ಟರೆ ಹೊಸ ಬಣ್ಣ, ಹೊಸ ರಬ್ಬರ್ ಮ್ಯಾಟು, ಹೊಸ ಮರದ ನೆಲದ ಪಾಲಿಶು, ಮೂರೂ ಕೂಡಿದ ವಾಸನೆ. ದನಿ ಎತ್ತಿದರೆ ನಾಲ್ಕೂ ಗೋಡೆಗೆ ಬಡಿದು ನಮ್ಮ ಕಿವಿಗೇ ವಾಪಸು ಬರುತ್ತದೆ.

ಹೊರಗೆ ಗೂಡ್ಸ್ ಆಟೋವೊಂದು ಬಂದು ನಿಂತಿತು. ಹಿಂದಿನ ಹಲಗೆ ಬಿಚ್ಚಿದಾಗ ಐದು ಮಂದಿ ಹೆಂಗಸರು ಒಬ್ಬರ ಹಿಂದೊಬ್ಬರು ಇಳಿದರು. ಒಬ್ಬಳ ಕೈಯಲ್ಲಿ ಅಕ್ಕಿ ಅರೆದ ಹಿಟ್ಟಿನ ಸ್ಟೀಲ್ ಡಬ್ಬಿ, ಇನ್ನೊಬ್ಬಳ ಸೊಂಟದಲ್ಲಿ ಕೆಮ್ಮಣ್ಣು ಕಲಸಿದ ಬಕೆಟು, ಮತ್ತೊಬ್ಬಳ ಚೀಲದಲ್ಲಿ ಒಂದರೊಳಗೊಂದು ಸೇರಿಸಿದ ತೆಂಗಿನ ಕರಟ. ಕೊನೆಗೆ ಇಳಿದ ಹಿರಿಯಾಕೆ ಹಳೇ ಪೇಪರಿನಲ್ಲಿ ಸುತ್ತಿದ ಪುಂಡಿ ನಾರಿನ ಕಟ್ಟನ್ನು ಎದೆಗವಚಿಕೊಂಡಿದ್ದರು. ಎಪ್ಪತ್ತು ದಾಟಿದ ಜೀವ. ಜೊತೆಯವರು ಅವರನ್ನು ಅಮ್ಮ ಎನ್ನುತ್ತಿದ್ದರು. ಸಂಜೆಯೊಳಗೆ ಅಲ್ಲಿ ಆಡಲು ಬಂದ ಮಕ್ಕಳಿಗೆಲ್ಲ ಅಜ್ಜಿಯಾದರು. ನನಗೂ ಅಜ್ಜಿಯೇ.

ಅಜ್ಜಿ ಯಾರನ್ನೂ ಮಾತಾಡಿಸದೆ ನೇರ ಗೋಡೆಯ ಹತ್ತಿರ ಹೋದರು. ಜ್ವರ ನೋಡುವವರ ಹಾಗೆ ಅಂಗೈ ಒತ್ತಿ ಒಂದು ಗಳಿಗೆ ನಿಂತರು. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಗೋಡೆಗೆ ಒರೆಸಿದರು. ಒದ್ದೆ ಇಂಗದೆ ಮಿಂಚುತ್ತ ಉಳಿಯಿತು.

"ಈ ಗೋಡೆಗೆ ಬಾಯಾರಿಕೆನೇ ಇಲ್ಲ ಮೇಷ್ಟ್ರೆ," ಎಂದರು, ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರ ಕಡೆ ತಿರುಗಿ. "ನೀರೇ ಕುಡಿಯೋದಿಲ್ಲ. ಚಿತ್ತಾರ ಹೆಂಗೆ ಹಿಡೀತದೆ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ಅವರಿಗೆ ಇಷ್ಟು ದೂರ ಬರುವುದೇ ದೊಡ್ಡ ಹೋರಾಟವಾಗಿತ್ತು. ಈ ಗೋಡೆಗೆ ಮೊದಲು ಗೊತ್ತಾಗಿದ್ದದ್ದು ಎಲ್ಲ ಕ್ರೀಡಾಂಗಣಗಳಲ್ಲೂ ಇರುವ ಅದೇ ಚಿತ್ರ: ಬೆನ್ನಿಗೆ ಬೆಂಕಿಯ ಬಾಲ ಹೊತ್ತ ಓಟಗಾರ, ಅವನ ಪಕ್ಕ ಯಾವ ದೇಶದವನೋ ತಿಳಿಯದ ಫುಟ್‌ಬಾಲ್ ಆಟಗಾರ. 'ನಮ್ಮ ಕಡೆಯ ಚಿತ್ತಾರ ಇರಲಿ' ಎಂದು ಮೇಷ್ಟ್ರು ಪಟ್ಟು ಹಿಡಿದಾಗ ಗುತ್ತಿಗೆದಾರರೂ ಒಪ್ಪಿದರು, ಆದರೆ ಅವರ ದಾರಿಯಲ್ಲಿ. "ಅದಕ್ಕೇನಂತೆ, ಇಂಟರ್ನೆಟ್ಟಿಂದ ಇಳಿಸಿ ಫ್ಲೆಕ್ಸ್ ಹೊಡೆಸಿ ಅಂಟಿಸಿಬಿಡಾಣ. ಒಂದೇ ದಿನದ ಕೆಲಸ." ಬರೆಯುವ ಕೈ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿರುವಾಗ ಅದರ ಫೋಟೊ ಯಾಕೆ ತರಿಸಬೇಕು ಎಂಬುದು ಮೇಷ್ಟ್ರ ಪ್ರಶ್ನೆ. ಅದನ್ನು ಅವರು ಸಭೆಗಳಲ್ಲಿ ಎಷ್ಟು ಸಲ ಕೇಳಿದರೆಂದರೆ, ಕೊನೆಗೆ ಸಭೆಯವರು ಬೇಸತ್ತಾದರೂ ಹೂಂ ಎಂದರು.

ಚಿತ್ತಾರ ಈ ಸೀಮೆಯ ದೀವರ ಸಮುದಾಯದ ಮನೆಗಳದ್ದು. ಸಾಗರ, ಸೊರಬ, ಹೊಸನಗರ, ಘಟ್ಟದ ಅಂಚಿನ ಸಿದ್ದಾಪುರ, ಶಿರಸಿಗಳ ಹಳ್ಳಿಗಳಲ್ಲಿ ಮದುವೆಯ ಮನೆಯ ಗೋಡೆಯೊಂದಕ್ಕೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳಲ್ಲಿ ಹಸೆ ಬರೆಯುತ್ತಾರೆ. ಮದುಮಕ್ಕಳು ಕೂರುವುದು ಆ ಗೋಡೆಯ ಮುಂದೆ. ಕೆಲವರು ಗೋಡೆಗೆ ಬಿಳಿ ಜೇಡಿಮಣ್ಣು ಬಳಿದು ಕೆಂಪು, ಕಪ್ಪು ಎಳೆಗಳಲ್ಲಿ ಬರೆಯುವುದೂ ಉಂಟು. ಇರುವುದು ನಾಲ್ಕೇ ಬಣ್ಣ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಅದೇ ಅಕ್ಕಿಯನ್ನು ಕರಕಾಗುವಷ್ಟು ಹುರಿದರೆ ಕಪ್ಪು, ಅಂಗಳದ ಮಣ್ಣಿನಿಂದ ಕೆಂಪು, ಕಾಡಿನ ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ತುದಿ ಜಜ್ಜಿದ ಪುಂಡಿ ನಾರು. ಅಡುಗೆಮನೆ, ಅಂಗಳ, ಕಾಡು ಈ ಮೂರನ್ನು ದಾಟಿ ಯಾವ ಸಾಮಾನೂ ಹೊರಗಿನಿಂದ ಬರಬೇಕಾಗಿಲ್ಲ. ಚೆನ್ನಾಗಿ ಬರೆಯುವ ಹೆಂಗಸಿಗೆ ಚಿತ್ತಾರಗಿತ್ತಿ ಎನ್ನುತ್ತಾರೆ. ಮದುವೆ ಗೊತ್ತಾದ ಮನೆಯವರು ಅವಳನ್ನು ವೀಳ್ಯ ಕೊಟ್ಟು ಕರೆದುಕೊಂಡು ಹೋಗುವ ಕಾಲವಿತ್ತು.

ಅವಳು ಬರೆದದ್ದು ಎಷ್ಟು ದಿನ ಇರುತ್ತದೆ? ಮದುವೆ ಮುಗಿದು, ಮಳೆಗಾಲ ಬಂದು, ಗೋಡೆ ಬೆವರಿ, ಮುಂದಿನ ಹಬ್ಬಕ್ಕೆ ಮತ್ತೆ ಕೆಮ್ಮಣ್ಣು ಸಾರಿಸುವ ತನಕ. ಯಾರೂ ಅದನ್ನು ಉಳಿಸಿಕೊಳ್ಳಲು ಹೋದದ್ದಿಲ್ಲ.

ಕ್ರೀಡಾಂಗಣದ ಗೋಡೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಹತ್ತು ವರ್ಷ ಬಾಳಬೇಕು, ಒರೆಸಿದರೆ ಹೋಗಬಾರದು, ಚೆಂಡು ಬಡಿದರೆ ಉದುರಬಾರದು. ಅಜ್ಜಿ ಪರೀಕ್ಷೆಗೆಂದು ಒಂದು ಮೂಲೆಯಲ್ಲಿ ಎಳೆದ ಅಕ್ಕಿಹಿಟ್ಟಿನ ಗೆರೆ ಮಧ್ಯಾಹ್ನದೊಳಗೆ ಒಣಗಿ, ಹಪ್ಪಳದ ಹಾಗೆ ಅಂಚೆದ್ದು, ಉಗುರು ತಾಗಿಸಿದ್ದೇ ತಡ ನೆಲಕ್ಕೆ ಬಿತ್ತು. ಮಣ್ಣಿನ ಗೋಡೆ ಹಿಟ್ಟಿನ ನೀರನ್ನು ಒಳಗೆಳೆದುಕೊಂಡು ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಪುಟ್ಟಿ ಹಚ್ಚಿ ನುಣ್ಣಗೆ ಮಾಡಿದ ಈ ಗೋಡೆಗೆ ಹಲ್ಲೇ ಇಲ್ಲ. ಹಾಗಾಗಿ ಅಂಗಡಿಯ ಬಣ್ಣಕ್ಕೆ ಒಪ್ಪಲೇಬೇಕಾಯಿತು.

ಬಣ್ಣದಂಗಡಿಯ ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಂಗಡಿಯಾತ ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದ. ಕೆಂಪಿನ ಪುಟದಲ್ಲೇ ಹತ್ತಾರು ಚೌಕ. ಅಜ್ಜಿ ಅದನ್ನು ನೋಡಲೂ ಇಲ್ಲ; ಸೆರಗಿನ ಗಂಟು ಬಿಚ್ಚಿ, ಕ್ರೀಡಾಂಗಣದ ಹಿಂದಿನ ಗುಡ್ಡದಿಂದ ತಂದ ಒಂದು ಹೆಂಟೆ ಕೆಮ್ಮಣ್ಣನ್ನು ಗಾಜಿನ ಕೌಂಟರಿನ ಮೇಲೆ ಇಟ್ಟರು. "ಇದು ಕೊಡು." ಅಂಗಡಿಯಾತ ನಕ್ಕ. ಆಮೇಲೆ ಯಂತ್ರದ ಮುಂದೆ ನಿಂತು ಒಂದು ಹನಿ ಕಪ್ಪು, ಎರಡು ಹನಿ ಹಳದಿ ಎಂದು ಬೆರೆಸುತ್ತ ಬೆವರಿದ. ಮೊದಲ ಡಬ್ಬಿ ಹೆಂಚಿನ ಬಣ್ಣಕ್ಕೆ ತಿರುಗಿತು, ಎರಡನೆಯದು ಕುಂಕುಮದ ಕಡೆ ವಾಲಿತು. ಮೂರನೆಯದನ್ನು ಅಜ್ಜಿ ರಟ್ಟಿನ ಮೇಲೆ ಬಳಿಸಿ, ಪಕ್ಕದಲ್ಲಿ ಒದ್ದೆ ಮಣ್ಣು ತಿಕ್ಕಿ, ಹೊರಗೆ ಬಿಸಿಲಿಗೆ ಒಯ್ದು ನೋಡಿ, "ಹೂಂ, ಅಕ್ಕ ತಂಗಿ ಹಂಗೆ ಇವೆ," ಎಂದು ಪಾಸು ಮಾಡಿದರು. ಹೀಗೆ ಹೊರಗಿನ ಗೋಡೆಗೆ ಮಳೆ ತಡೆಯುವ ಎಮಲ್ಷನ್ನಿನಲ್ಲಿ ಅದೇ ಗುಡ್ಡದ ಬಣ್ಣ ಬಂತು.

ಎರಡನೇ ದಿನ ಇನ್ನೊಂದು ತಕರಾರು ಎದ್ದಿತು. ಬ್ಯಾಡ್ಮಿಂಟನ್ ಕಲಿಸುವ ತರುಣ ಕೋಚ್ ಸೈಕಲ್ಲಿನಿಂದ ಇಳಿದವನೇ ಓಡಿ ಬಂದ. ಅಂಕಣದ ತಲೆಗಡೆಯ ಗೋಡೆಗೆ ಆಗಲೇ ಕೆಮ್ಮಣ್ಣು ಬಣ್ಣ ಬಳಿದು, ಬಿಳಿ ಎಳೆಗಳಿಗೆ ಗುರುತು ಹಾಕಿದ್ದರು.

"ಅಜ್ಜಿ, ಇಲ್ಲಿ ಮಾತ್ರ ಬಿಳಿ ಬೇಡ. ದಯವಿಟ್ಟು."

"ಎಂತಕ್ಕೆ ಮಗಾ? ಬಿಳಿ ಇಲ್ದೆ ಚಿತ್ತಾರ ಎಂತದು?"

ಹುಡುಗ ಜೇಬಿನಿಂದ ಷಟಲ್ ತೆಗೆದು ತೋರಿಸಿದ. ಹದಿನಾರು ಬಿಳಿ ಗರಿಗಳನ್ನು ಕಾರ್ಕಿಗೆ ನೆಟ್ಟ, ಐದು ಗ್ರಾಂ ಆಸುಪಾಸಿನ ಹಗುರ ವಸ್ತು. ಸ್ಮ್ಯಾಶ್ ಹೊಡೆದಾಗ ಅದು ಕಣ್ಣಿಗೆ ಸಿಗುವುದು ಎದುರಿಗಿನ ಗೋಡೆ ಒಂದೇ ಬಣ್ಣದ್ದಾಗಿ, ಕಪ್ಪುಗಟ್ಟಿದ್ದರೆ ಮಾತ್ರ. ಅದಕ್ಕೇ ದೊಡ್ಡ ಪಂದ್ಯಗಳು ನಡೆಯುವ ಕಡೆ ಅಂಕಣದ ಹಿಂಬದಿಗೆ ಬಿಳಿ ಬಣ್ಣವನ್ನೇ ಸೇರಿಸುವುದಿಲ್ಲ. ಗೋಡೆ ತುಂಬ ಬಿಳಿ ಎಳೆ ಬಂದರೆ ಷಟಲ್ ಅದರೊಳಗೆ ಕರಗಿಹೋಗುತ್ತದೆ. ಇಷ್ಟನ್ನೂ ಅವನು ಸ್ವಲ್ಪ ಇಂಗ್ಲಿಷ್, ಬಹಳಷ್ಟು ಕೈಸನ್ನೆಯಲ್ಲಿ ವಿವರಿಸಿದ. ಡ್ರಾಯಿಂಗ್ ಮೇಷ್ಟ್ರ ಮುಖ ಸಣ್ಣದಾಯಿತು. ಇದ್ದುದರಲ್ಲೇ ದೊಡ್ಡ ಗೋಡೆ ಅದು.

ಅಜ್ಜಿ ಮಾತ್ರ ಷಟಲನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. "ಬೆಳ್ಳಕ್ಕಿ ಗದ್ದೇಲಿ ಕೂತ್ರೆ ಕಾಣ್ತದೆ, ಮೋಡದೊಳಗೆ ಹೋದ್ರೆ ಕಾಣಲ್ಲ. ಇಷ್ಟೇ ಅಲ್ದಾ?"

"ಅಷ್ಟೇ ಅಜ್ಜಿ!"

"ಹಂಗಾದ್ರೆ ಇದನ್ನ ಗದ್ದೆ ಮಾಡಿಬಿಡಿ." ಎರಡೂ ತಲೆಗಡೆಯ ಗೋಡೆಗೆ ಗಾಢ ಹಸಿರು ಬಿತ್ತು. ಒಂದೇ ಒಂದು ಎಳೆಯಿಲ್ಲ. ಕ್ರೀಡಾಂಗಣ ನೋಡಲು ಬಂದವರು 'ಅಲ್ಲಿ ಯಾಕೆ ಖಾಲಿ ಬಿಟ್ಟಿದ್ದೀರಿ' ಎಂದು ಕೇಳಿದರೆ ಚಿತ್ತಾರ ಬರೆಯುವ ಹೆಂಗಸರೇ ಈಗ ಷಟಲಿನ ಕಥೆ ಹೇಳುತ್ತಾರೆ.

ಚಿತ್ತಾರಕ್ಕೆ ಉಳಿದದ್ದು ಪ್ರೇಕ್ಷಕರು ಕೂರುವ ಮೆಟ್ಟಿಲ ಸಾಲಿನ ಹಿಂದಿನ ಉದ್ದ ಗೋಡೆ, ಹೊರಗಿನ ಎರಡು ಪಾರ್ಶ್ವ, ಮತ್ತು ಮುಂದಿನ ಮೊಗಸಾಲೆ. ಕೆಲಸ ಅಲ್ಲಿಂದ ನಿಜವಾಗಿ ಶುರುವಾಯಿತು.

ಮನೆಯ ಹಸೆ ಎಂದರೆ ನಿಂತವರ ಕೈಗೆ ಎಟುಕುವಷ್ಟು. ಇಲ್ಲಿ ಒಂದೊಂದು ಚೌಕ ಹನ್ನೆರಡು ಅಡಿ ಎತ್ತರ. ಎಳೆಯೂ ಅಷ್ಟೇ ದಪ್ಪವಾಗಬೇಕು, ಇಲ್ಲದಿದ್ದರೆ ಅಂಗಳದಿಂದ ನೋಡುವವರಿಗೆ ಜೇಡನ ಬಲೆಯಂತೆ ಮಸುಕಾಗುತ್ತದೆ. ಒಬ್ಬಾಕೆ ನಾಲ್ಕಾರು ಪುಂಡಿ ನಾರನ್ನು ಸೇರಿಸಿ ಬಿದಿರಿನ ಸೀಳಿಗೆ ಬಿಗಿದು ಬೆರಳಗಲದ ಕುಂಚ ಕಟ್ಟಿದಳು. ನೆಟ್ಟಗೆ ಬರಲೆಂದು ಗಾರೆಯವರಿಂದ ದಾರ ಈಸಿಕೊಂಡರು. ಸುಣ್ಣದ ಪುಡಿಯಲ್ಲಿ ಹೊರಳಿಸಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿ ಹಿಡಿಯುವುದು, ನಡುವೆ ಮೂರನೆಯವಳು ಎಳೆದು 'ಟಪ್' ಎಂದು ಬಿಡುವುದು. ಗೋಡೆಯ ಮೇಲೆ ನೂಲಿನಷ್ಟೇ ಸಣ್ಣ ಬೆಳ್ಳನೆ ಗುರುತು. ಖಾಲಿ ಕ್ರೀಡಾಂಗಣದಲ್ಲಿ ಆ 'ಟಪ್' ಚೆಂಡು ಪುಟಿದಂತೆ ಮೊಳಗುತ್ತಿತ್ತು.

ಸಾರ್ವೆ ಹತ್ತಲು ಮೊದಲ ದಿನ ಯಾರೂ ಮುಂದಾಗಲಿಲ್ಲ. ಕೆಳಗೆ ಅಷ್ಟು ಜನ ಗಂಡಸರು ಅಡ್ಡಾಡುವಾಗ ಸೀರೆಯಲ್ಲಿ ಮೇಲೆ ಹತ್ತುವುದು ಹೇಗೆ? ಮಾರನೇ ದಿನ ಕಬಡ್ಡಿ ಆಡುವ ಹುಡುಗಿಯರು ತಮ್ಮ ಟ್ರ್ಯಾಕ್ ಪ್ಯಾಂಟು ತಂದುಕೊಟ್ಟರು. ಸೀರೆಯ ಒಳಗೆ ಅದನ್ನು ತೊಟ್ಟು, ನೆರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಸಾರ್ವೆಯ ಮೇಲಿನ ಹಲಗೆ ಅವರ ಮನೆಯ ಜಗುಲಿಯಾಯಿತು. ಎಲೆ ಅಡಿಕೆ ಚೀಲವೂ ಮೇಲೇ ಹೋಯಿತು.

ಅಜ್ಜಿ ಹತ್ತಲಿಲ್ಲ. ಅವರು ಅಂಗಳದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಊರುಗೋಲಿನಿಂದ ನಿರ್ದೇಶನ ಕೊಡುತ್ತಿದ್ದರು. ಹಾಗೆ ಕೂತವರು ಒಮ್ಮೆ ತಲೆ ಮೇಲಕ್ಕೆತ್ತಿ ಮಾಡನ್ನು ನೋಡಿದರು. ಕಬ್ಬಿಣದ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ಗೋಡೆಯಿಂದ ಗೋಡೆಗೆ ದಾಟಿಸಿದ ತೊಲೆಗಳು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ಓಯ್, ಮೇಲ್ ನೋಡ್ರೇ! ನಿಲಿ ಕಟ್ಟಿದಾರೆ ಇಲ್ಲಿ!"

ಅಡ್ಡ ಉದ್ದ ಓರೆ ಹಾಯುವ ಎಳೆಗಳ ಕಟ್ಟಿಗೆ ಚಿತ್ತಾರದಲ್ಲಿ ನಿಲಿ ಎಂದು ಹೆಸರು. ಮನೆಯ ಮಾಡಿನ ಮರಗಳು ಒಂದನ್ನೊಂದು ಹಾಯುವ ಹಾಗೆಯೇ ಅದೂ. ಮನುಷ್ಯನನ್ನು ಬರೆದರೂ ಇಲ್ಲಿ ಎರಡು ತ್ರಿಕೋನ ತುದಿಗೆ ತುದಿ ತಾಗಿ ನಿಂತಂತೆ. ಇಂಜಿನಿಯರು ಭಾರ ಹೊರಲೆಂದು ತ್ರಿಕೋನ ಹಾಕಿದ್ದು, ಚಿತ್ತಾರಗಿತ್ತಿ ಕಣ್ಣು ತುಂಬಲೆಂದು. ಆವತ್ತಿನಿಂದ ಉದ್ದ ಗೋಡೆಯ ಮೇಲಂಚಿನ ನಿಲಿ ಮಾಡಿನ ತೊಲೆಯ ತ್ರಿಕೋನಗಳಿಗೆ ಸರಿಯಾಗಿ ಕೂರುವ ಹಾಗೆ ಲೆಕ್ಕ ಬದಲಾಯಿತು. ಈಗ ಗೋಡೆ ಎಲ್ಲಿ ಮುಗಿದು ಮಾಡು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ತಟ್ಟನೆ ತಿಳಿಯುವುದಿಲ್ಲ.

ದಸರಾ ರಜೆ. ಮಕ್ಕಳಿಗೆ ಬೇರೆ ಕೆಲಸವಿಲ್ಲ. ಮ್ಯಾಟಿನ ಮೇಲೆ ಬೆಳಗಿನಿಂದ ಕಬಡ್ಡಿ. ಸುಸ್ತಾದವರು ಗೋಡೆಯ ಬುಡಕ್ಕೆ ಬಂದು ಕೂರುತ್ತಿದ್ದರು. ಮೊಣಕಾಲಿನ ಗಾಯದ ಹಕ್ಕಳೆ ಕೆರೆಯುತ್ತ ಕೂತ ಹನ್ನೆರಡರ ಹುಡುಗಿಯೊಬ್ಬಳು ಕೇಳಿದಳು:

"ಅಜ್ಜಿ, ಗೆರೆ ಸ್ವಲ್ಪ ತಪ್ಪಿದ್ರೆ ಏನಾಗ್ತದೆ?"

"ನಿಂಗೆ ಅಲ್ಲಿ ಗೆರೆ ತಪ್ಪಿದ್ರೆ ಏನಾಗ್ತದೆ?"

"ಔಟ್."

"ಇಲ್ಲೂ ಅದೇ."

ಗಂಡಸರ ಕಬಡ್ಡಿಯ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅದರೊಳಗೆ ಮಧ್ಯಗೆರೆ, ದಾಟಲೇಬೇಕಾದ ಬಾಕ್ ಗೆರೆ, ಆಸೆ ಹುಟ್ಟಿಸುವ ಬೋನಸ್ ಗೆರೆ, ಮುಟ್ಟಾಟ ನಡೆದ ಮೇಲಷ್ಟೇ ಕಾಲಿಡಬಹುದಾದ ಲಾಬಿಯ ಗೆರೆ. ಬರೀ ಮೂರರಿಂದ ಐದು ಸೆಂಟಿಮೀಟರ್ ಅಗಲದ ಈ ಬಣ್ಣದ ಪಟ್ಟಿಗಳೇ ಉಸಿರು, ಸೋಲು, ಗೆಲುವುಗಳನ್ನು ತೀರ್ಮಾನಿಸುತ್ತವೆ. ಗೆರೆಯಿಲ್ಲದಿದ್ದರೆ ಅದು ಆಟವಲ್ಲ, ಬರೀ ಗುದ್ದಾಟ. ಚಿತ್ತಾರದಲ್ಲೂ ಎಳೆಯದೇ ಕಾನೂನು. ಶುರುವಾದ ಎಳೆ ಮೂಲೆ ಮುಟ್ಟುವ ತನಕ ಕಡಿಯಬಾರದು. ಜೋಡಿ ಎಳೆಗಳ ನಡುವಿನ ಅಂತರ ಹಿಗ್ಗಬಾರದು, ಕುಗ್ಗಬಾರದು. ಎಡಗಡೆ ಬಂದದ್ದು ಬಲಗಡೆಯೂ ಬರಬೇಕು. ಬರೆಯುವಾಕೆ ಉದ್ದ ಎಳೆ ಎಳೆಯುವಾಗ ಉಸಿರು ಕಟ್ಟಿರುತ್ತಾಳೆ. ಮೂಲೆ ಮುಟ್ಟಿದ ಮೇಲೆ ಬಿಡುತ್ತಾಳೆ. ಅವಳ ಬೆನ್ನ ಹಿಂದೆ ಹುಡುಗನೊಬ್ಬ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರಾಳಿಯ ಅಂಕಣದಿಂದ ಮಧ್ಯಗೆರೆಗೆ ಕೈ ಚಾಚುತ್ತಾನೆ. ಒಂದೇ ಸೂರಿನಡಿ ಎರಡು ಕಡೆ ಉಸಿರು ಹಿಡಿದ ಆ ಗಳಿಗೆಯನ್ನು ನಾನು ಮರೆಯಲಾರೆ.

ಹತ್ತು ಗಂಟೆಯ ಚಹಾ ಆದ ಮೇಲೆ ಹಾಡು ಏಳುತ್ತಿತ್ತು. ಹಸೆ ಬರೆಯುವಾಗ ಹಾಡಬೇಕು. ಎಳೆಯ ನಡಿಗೆಯನ್ನು ಕಾಯುವುದು ಹಾಡಿನ ನಡಿಗೆಯೇ. ಸಾರ್ವೆಯ ಮೇಲಿಂದ ಇಬ್ಬರು ಒಂದು ಸೊಲ್ಲು ಎತ್ತಿದರೆ ಕೆಳಗಿನ ಇಬ್ಬರು ಅದನ್ನೇ ಹಿಡಿದು ಮುಂದಕ್ಕೆ ಹಾಕುವರು. ತಗಡಿನ ಮಾಡು ಆ ದನಿಯನ್ನು ನಾಲ್ಕು ಪಟ್ಟು ಮಾಡಿ ಹಿಂದಿರುಗಿಸುತ್ತಿತ್ತು. ಮೊದಲ ದಿನ ಪೋರರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂರನೇ ದಿನ ಕಬಡ್ಡಿಯ ವಿರಾಮದಲ್ಲಿ ಅವರ ಬಾಯಲ್ಲೂ ಅದೇ ಧಾಟಿ. ಆರನೇ ದಿನ ರೇಡ್‌ಗೆ ಹೊರಟ ಹುಡುಗಿ 'ಕಬಡ್ಡಿ'ಯನ್ನೇ ಆ ಧಾಟಿಗೆ ಕೂರಿಸಿ ಹೇಳಿದ್ದಕ್ಕೆ ಪಿ.ಟಿ. ಮೇಷ್ಟ್ರು ಸೀಟಿ ಊದಿ ಬೈದರು. ಬೈಯುವಾಗ ಅವರಿಗೂ ನಗು ತಡೆಯಲಾಗಲಿಲ್ಲ.

ಊಟದ ಹೊತ್ತಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಮೆಕ್ಸಿಕೊ ನಗರದ ವಿಶ್ವವಿದ್ಯಾಲಯದ ಕ್ರೀಡಾಂಗಣ, 1952ರಲ್ಲಿ ತೆರೆದದ್ದು. 1968ರ ಒಲಿಂಪಿಕ್ಸ್‌ನ ಮುಖ್ಯ ಅಂಗಳವೂ ಅದೇ. ಜ್ವಾಲಾಮುಖಿ ಉಗುಳಿದ ಕಲ್ಲಿನಿಂದ ಕಟ್ಟಿದ ಅದರ ಇಳಿಜಾರು ಹೊರಮೈಯಲ್ಲಿ ಡಿಯೆಗೊ ರಿವೇರಾ ಎಂಬ ಕಲಾವಿದ ಬಣ್ಣ ಬಳಿಯಲಿಲ್ಲ. ಹುಟ್ಟಿನಿಂದಲೇ ಬಣ್ಣವಿದ್ದ ಕಲ್ಲುಗಳನ್ನು ಕೂರಿಸಿ ಉಬ್ಬುಚಿತ್ರ ಮಾಡಿದ. ನಡುವೆ ಪಾರಿವಾಳ ಹಿಡಿದ ಮಗುವಿನೊಂದಿಗೆ ತಂದೆ ತಾಯಿ, ಎರಡು ಮಗ್ಗುಲಲ್ಲಿ ಜ್ಯೋತಿ ಹೊತ್ತಿಸುವ ಆಟಗಾರ ಮತ್ತು ಆಟಗಾರ್ತಿ, ಬುಡದಲ್ಲಿ ಆ ನಾಡಿನ ಪುರಾಣದ ಗರಿಯುಳ್ಳ ಹಾವು. ಇಡೀ ಕ್ರೀಡಾಂಗಣದ ಸುತ್ತ ಇದನ್ನು ಹಬ್ಬಿಸಬೇಕೆಂದಿದ್ದ, ಮುಂಭಾಗವಷ್ಟೇ ಆಯಿತು.

"ಆ ಕಲ್ಲು ಅವರ ಊರಿಂದೇ?" ಅಜ್ಜಿ ಕೇಳಿದರು.

"ಅವರ ನಾಡಿಂದೇ ಅಜ್ಜಿ."

"ಹಾವೂ ಅವರದ್ದೇ?"

"ಅವರದ್ದೇ."

"ಕಲ್ಲಲ್ಲಿ ಮಾಡಿದ್ರೂ ಅರ್ಧಕ್ಕೆ ನಿಂತಿತಲ್ಲ ಪಾಪ," ಎಂದು ಅಜ್ಜಿ ಮಜ್ಜಿಗೆ ಅನ್ನದ ಕೊನೆಯ ತುತ್ತು ಉಂಡರು. "ನಾವು ಹುಣ್ಣಿಮೆಯೊಳಗೆ ಮುಗಿಸಾಣ."

ಮಧ್ಯದಲ್ಲಿ ಅಳತೆಯ ಜಗಳವೂ ಆಯಿತು. ಕೆಲಸದ ಕಾಗದದಲ್ಲಿ ಇದ್ದದ್ದು ಬಣ್ಣ ಬಳಿಯುವ ದರ, ಚದರಡಿಗೆ ಇಷ್ಟು ಎಂದು. ಎಳೆ ಬಿದ್ದ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ನಡುವಿನ ಖಾಲಿಗೆ ದುಡ್ಡಿಲ್ಲ ಎಂದು ಲೆಕ್ಕ ಬರೆಯುವಾತ ಟೇಪು ಹಿಡಿದು ನಿಂತ. ಅಜ್ಜಿ ಕುರ್ಚಿಯಿಂದ ಎದ್ದರು.

"ಎಳೆ ಎಳೆ ನಡುವೆ ಖಾಲಿ ಬಿಟ್ಟಿದ್ದು ಯಾರು ಮಗಾ? ಅದು ತಾನೇ ಬಂದು ಕೂತದ್ದಾ?"

ಅವನ ಬಳಿ ಉತ್ತರವಿರಲಿಲ್ಲ. ಅಳತೆಯ ಮಾತು ಬಂದಾಗ ಈ ಜನ ಸುಲಭಕ್ಕೆ ಸೋಲುವವರಲ್ಲ ಎಂಬುದು ಅವನಿಗೆ ತಿಳಿದಿರಬೇಕಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ವಿಷಯಕ್ಕೇ. ಅವರಲ್ಲಿ ಹೆಚ್ಚಿನವರು ದೀವರು. ಗಣಪತಿಯಪ್ಪನವರು ಕಟ್ಟಿದ ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಕೊಳಗದಿಂದ ಶುರುವಾದದ್ದು ಉಳುವವನಿಗೆ ಭೂಮಿ ಎಂಬಲ್ಲಿಗೆ ಹೋಗಿ ಮುಟ್ಟಿತು. ಇಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಚದರಡಿಯ ಕಾಗದ ಮಡಚಿ ಜೇಬು ಸೇರಿತು. ಐದೂ ಜನರಿಗೆ ಕಲಾವಿದರೆಂದು ದಿನದ ಲೆಕ್ಕದಲ್ಲಿ ಕೊಡುವುದೆಂದಾಯಿತು.

ಉದ್ದ ಗೋಡೆಯ ನಡುವಿನ ಚೌಕ ಮಾತ್ರ ಬಹಳ ದಿನ ಬರಿದಾಗಿಯೇ ಇತ್ತು. ಮನೆಯ ಹಸೆಯಲ್ಲಿ ಆ ಜಾಗ ಮದುಮಕ್ಕಳದ್ದು. ಬಾಸಿಂಗ, ತೊಂಡಲು, ದಂಡಿಗೆ, ತೇರು, ಜೋಗಿ ಜಡೆ, ಭತ್ತದ ಕಣಜ ಎಲ್ಲ ಅವರ ಸುತ್ತ ಬರುವುದು. ಮದುವೆಯಿಲ್ಲದ ಕಟ್ಟಡದಲ್ಲಿ ಮದುಮಕ್ಕಳನ್ನು ಬರೆಯಲು ಅಜ್ಜಿಯ ಕೈ ಏಳಲಿಲ್ಲ. ಮೇಷ್ಟ್ರು ಕ್ರಿಕೆಟ್ ಆಡುವವರನ್ನು ಚಿತ್ತಾರದ ಬಗೆಯಲ್ಲಿ ಬರೆಯಿರಿ ಎಂದರು, ಅದಕ್ಕೂ ಒಪ್ಪಲಿಲ್ಲ. "ಕಾಣದ್ದನ್ನ ಬರೀಲಿಕ್ಕೆ ನಂಗೆ ಬರಲ್ಲ."

ಆದರೆ ಹತ್ತು ದಿನ ಕುರ್ಚಿಯಲ್ಲಿ ಕೂತು ಅವರು ಬರೀ ಗೋಡೆಯನ್ನೇ ನೋಡಿರಲಿಲ್ಲ. ಒಂದು ಬೆಳಿಗ್ಗೆ ಸಾರ್ವೆಯ ಕೆಳಹಲಗೆಯ ಮೇಲೆ ಕೂತು, ತಾವೇ ಕುಂಚ ಹಿಡಿದು, ತ್ರಿಕೋನದ ಪುಟ್ಟ ಪುಟ್ಟ ಮನುಷ್ಯರನ್ನು ಸಾಲಾಗಿ ನಿಲ್ಲಿಸಿದರು. ಏಳು ಜನ, ಕೈಗೆ ಕೈ ಕೊಂಡಿ ಹಾಕಿ, ಬಿಲ್ಲಿನಂತೆ ಬಾಗಿ. ಎದುರಿಗೆ ಒಬ್ಬಳೇ ಒಬ್ಬಳು. ಜಡೆ ನೋಡಿದರೆ ಹುಡುಗಿ. ಮಕ್ಕಳು ಕ್ಷಣದಲ್ಲಿ ಗುರುತು ಹಿಡಿದು ಕಿರುಚಿದರು. ಮೇಲುಗಡೆ ದಂಡಿಗೆ ಬಂತು, ಹೊರುವವರೂ ಬಂದರು. ದಂಡಿಗೆಯ ಒಳಗೆ ಯಾರು ಎಂದು ಕೇಳಿದ್ದಕ್ಕೆ ಹಕ್ಕಳೆಯ ಮೊಣಕಾಲಿನ ಹುಡುಗಿ "ಕಪ್ಪು ಇಡಿ ಅಜ್ಜಿ!" ಎಂದಳು. ಅಜ್ಜಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎಲೆ ಅಡಿಕೆಯ ಬಾಯಿ ತುಂಬ ನಕ್ಕರು. ಈಗ ಆ ದಂಡಿಗೆಯಲ್ಲಿ ಮದುಮಗಳ ಜಾಗದಲ್ಲಿ ಎರಡು ಕಿವಿಯ ಒಂದು ಕಪ್ಪು ಕೂತು ಮೆರವಣಿಗೆ ಹೊರಟಿದೆ. ಅದರ ಮೇಲಷ್ಟೇ ಒಂದು ಹನಿ ಗುರಿಗೆಯ ಹಳದಿ.

ಇದೆಲ್ಲ ನಡೆದದ್ದು ಆಶ್ವಯುಜದಲ್ಲಿ. ಗದ್ದೆಗಳಲ್ಲಿ ಭತ್ತ ಹೊಡೆ ಬಿದ್ದು ಬಸುರಿಯಾಗಿತ್ತು. ಭೂಮಿ ಹುಣ್ಣಿಮೆ ಹತ್ತಿರ ಬಂದಂತೆ ಹೆಂಗಸರಿಗೆ ಮನೆಯಲ್ಲೂ ಅದೇ ಕೆಲಸ. ಬಿದಿರಿನ ಬುಟ್ಟಿಗಳಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಮೇಲೆ ಬಿಳಿ ಎಳೆಯಲ್ಲಿ ಚಿತ್ತಾರ ಬರೆಯಬೇಕು. ಭೂಮಣ್ಣಿ ಬುಟ್ಟಿ ಎನ್ನುತ್ತಾರೆ, ಒಂದು ದೊಡ್ಡದು, ಒಂದು ಸಣ್ಣದು. ಹುಣ್ಣಿಮೆಯ ಮುಂಚಿನ ರಾತ್ರಿಯೆಲ್ಲ ಒಲೆ ಆರುವುದಿಲ್ಲ. ಕೊಟ್ಟೆ ಕಡುಬು, ಅಮಟೆಕಾಯಿ, ಹಾಗಲಕಾಯಿ, ಬೆರಕೆ ಸೊಪ್ಪು ಬೇಯುತ್ತವೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭೂಮಿತಾಯಿಗೆ ಬಯಕೆಯ ಊಟವೆಂದು ಕೂಗಿ ಕರೆದು ಎಡೆ ಬೀರುತ್ತಾರೆ. ಹಗಲು ಕ್ರೀಡಾಂಗಣದಲ್ಲಿ ಹನ್ನೆರಡಡಿಯ ನಿಲಿ, ರಾತ್ರಿ ಬುಟ್ಟಿಯ ಮೇಲೆ ಅಂಗುಲದ ನಿಲಿ. ಕೈ ಎರಡನ್ನೂ ಒಂದೇ ಎಂದು ತಿಳಿದುಕೊಂಡಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಅಜ್ಜಿ ತವರಿನ ಮಾತು ಎತ್ತಿದರು. ಶರಾವತಿ ದಂಡೆಯ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರಿಗೆ ಹತ್ತರ ಪ್ರಾಯ. ಅಕ್ಕನ ಮದುವೆಗೆ ಅವರ ತಾಯಿ ಬರೆದ ಹಸೆ ಇನ್ನೂ ಗೋಡೆಯ ಮೇಲೆ ಹಾಗೇ ಇತ್ತು. ಹೆಂಚು, ತೊಲೆ, ಬಾಗಿಲು ಕಿತ್ತು ಲಾರಿಗೆ ಹೇರಿದರು. ಗೋಡೆಯನ್ನು ಹೇರುವಂತಿಲ್ಲ. ಮಾಡಿಲ್ಲದ ಮನೆಯೊಳಗೆ ಹಸೆ ಬಿಸಿಲಿಗೆ ನಿಂತಿತ್ತು. ಆಮೇಲೆ ನೀರು ಬಂತು.

"ಮತ್ತೆ ಹೊಸ ಊರಲ್ಲಿ?" ನಾನು ಕೇಳಿದೆ.

"ಮೊದ್ಲು ಗೋಡೆ ಬೇಕಲ್ಲ. ಗೋಡೆ ಆಯ್ತು, ಅವ್ವ ಮತ್ತೆ ಬರೆದ್ಲು. ಮನೆನೇ ಉಳೀಲಿಲ್ಲ, ಚಿತ್ತಾರ ಎಂತ ಉಳೀತದೆ? ಕೈ ಉಳೀತು."

ಬಾಳಿಕೆಯ ಬಣ್ಣ, ಹತ್ತು ವರ್ಷದ ಗ್ಯಾರಂಟಿ ಎಂದೆಲ್ಲ ಅಲ್ಲಿಯವರೆಗೆ ಮಾತಾಡುತ್ತಿದ್ದ ನಾವು ಆ ಸಂಜೆ ಸುಮ್ಮನಾದೆವು.

ಕೊನೆಯ ದಿನ ಅಜ್ಜಿ ಒಂದು ಹಟ ಹಿಡಿದರು. ಮುಂದಿನ ಮೊಗಸಾಲೆಯ ಜಂಬಿಟ್ಟಿಗೆ ಗೋಡೆಗೆ ಅಂಗಡಿಯ ಬಣ್ಣ ಬೇಡ. ಆ ಕಲ್ಲಿಗೆ ತೂತು ತೂತು ಮೈ. ಅದಕ್ಕೆ ಬಾಯಾರಿಕೆ ಇದೆ. ಮಕ್ಕಳೇ ಗುಡ್ಡದಿಂದ ಬುಟ್ಟಿಯಲ್ಲಿ ಮಣ್ಣು ತಂದರು, ತುಳಿದರು, ಕಲ್ಲಿಗೆ ಮೆತ್ತಿ ನುಣ್ಣಗೆ ಸಾರಿಸಿದರು. ಅದು ಒಣಗಿದ ಮೇಲೆ ಮೊದಲ ದಿನ ತಂದಿದ್ದ ಸ್ಟೀಲ್ ಡಬ್ಬಿ ಮತ್ತೆ ಹೊರಬಂತು, ಹೊಸದಾಗಿ ಅರೆದ ಹಿಟ್ಟು ತುಂಬಿಕೊಂಡು. ಅಜ್ಜಿ ನಿಂತುಕೊಂಡೇ ಬರೆದರು, ಕೈಗೆ ಎಟುಕುವಷ್ಟೇ ದೊಡ್ಡದು. ಎಳೆ ಬಿದ್ದಾಗ ಮೊದಲು ಏನೂ ಕಾಣದು. ಗೋಡೆ ನೀರು ಕುಡಿಯುತ್ತ ಹೋದಂತೆ ಒಳಗಿನಿಂದ ಬಿಳಿ ಮೇಲೆ ಬಂದು ನಿಲ್ಲುತ್ತದೆ. ಒಳಗಿನ ಎಮಲ್ಷನ್ ಎಳೆಗಳು ಇದಕ್ಕಿಂತ ಚೊಕ್ಕವಾಗಿವೆ. ಆದರೆ ಬಂದವರ ಕಣ್ಣು ಮೊದಲು ನಿಲ್ಲುವುದು ಇಲ್ಲೇ.

ಉದ್ಘಾಟನೆಯ ಏರ್ಪಾಟು ನೋಡಲು ಬಂದಿದ್ದ ಇಂಜಿನಿಯರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೆರಳಿಗೆ ಬಿಳಿ ಅಂಟಿತು.

"ಅಮ್ಮಾ, ಇದು ಎಷ್ಟು ದಿನ ಬಾಳಿಕೆ ಬರ್ತದೆ?"

"ಮುಂದಿನ ಮಳೆಗಾಲ ಕಳೆಯೋ ತನಕ."

"ಆಮೇಲೆ?"

"ಆಮೇಲೆ ನೀವು ನಮ್ಮನ್ನ ಕರೀಬೇಕು," ಎಂದು ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು.

ಇಂಜಿನಿಯರು ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟ್ರ ಮುಖ ನೋಡಿದರು. ಪ್ರತಿ ವರ್ಷ ಮತ್ತೆ ಬರೆಯುವುದೆಂದರೇನು ಎನ್ನುವಂತೆ. ಮೇಷ್ಟ್ರಿಗೆ ಆಗ ಪುರುಸೊತ್ತಿರಲಿಲ್ಲ. ಹಿಂದಿನ ರಾತ್ರಿ ಹಿಂಗಾರಿನ ಮಳೆಯೊಂದು ಬಂದು ಹೊರಗಿನ ಬಯಲಿನ ಖೋಖೋ ಅಂಕಣವನ್ನು ಪೂರ್ತಿ ತೊಳೆದುಹಾಕಿತ್ತು. ಮಾರನೇ ದಿನವೇ ಪಂದ್ಯ. ಅವರು ತಳಕ್ಕೆ ತೂತು ಹೊಡೆದ ಹಳೇ ಡಬ್ಬಿಗೆ ಸುಣ್ಣದ ಪುಡಿ ತುಂಬಿಕೊಂಡು ಬಯಲಿಗೆ ಇಳಿದರು. ಮೊಣಕಾಲಿನ ಹಕ್ಕಳೆ ಉದುರಿ ಹೊಸ ಚರ್ಮ ಬಂದಿದ್ದ ಹುಡುಗಿ ದಾರದ ಒಂದು ತುದಿ ಹಿಡಿದು ಓಡಿದಳು. ಇನ್ನೊಂದು ತುದಿಗೆ ಯಾರೂ ಇರಲಿಲ್ಲ.

ಅಜ್ಜಿ ಮೆಟ್ಟಿಲಿಳಿದು ಹೋಗಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ತುದಿಯನ್ನು ಹಿಡಿದು ಕೂತರು.

"ಬಿಗಿ ಹಿಡಿ ಮಗಾ," ಎಂದರು. "ಎಳೆ ಡೊಂಕಾಗಬಾರದು."